ಎರಡು ತೊಡೆ, ಎರಡು ಸೂಜಿ

ಹುಬ್ಬಳ್ಳಿಯಿಂದ ನಿಪ್ಪಾಣಿಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ಗಾಜುಗಳೆಲ್ಲ ಮುಚ್ಚಿದ್ದರೂ ಚಳಿ ಎಲ್ಲಿಂದಲೋ ಒಳಗೆ ನುಗ್ಗುತ್ತಿತ್ತು. ಸಂಕ್ರಾಂತಿ ಮುಗಿದು ಇನ್ನೂ ವಾರವಾಗಿರಲಿಲ್ಲ. ನನ್ನ ಕಾಲ ಬಳಿ ಪಂಪ್‌ಸೆಟ್ಟಿನ ಬಿಡಿಭಾಗಗಳ ಚೀಲ, ಪ್ಯಾಂಟಿನ ಜೇಬಿನಲ್ಲಿ ಎಲೆ, ಅಡಿಕೆ, ತಂಬಾಕಿನ ಚಂಚಿ. ನಲವತ್ತರ ಆಸುಪಾಸಿನವರು ಯಾರೂ ಈಗ ಬಟ್ಟೆಯ ಚಂಚಿ ಇಟ್ಟುಕೊಳ್ಳುವುದಿಲ್ಲ, ನಾನು ಇಟ್ಟುಕೊಂಡಿದ್ದೇನೆ. ನನ್ನ ಬಾಯಿಗೆ ಎರಡು ಚಟ. ಒಂದು ಅಗಿಯುವುದು, ಇನ್ನೊಂದು ಸಿಕ್ಕಸಿಕ್ಕವರನ್ನು ಏನಾದರೂ ಕೇಳುವುದು. ಈ ಸಲದ ಪ್ರಯಾಣದಲ್ಲಿ ಎರಡಕ್ಕೂ ಕೆಲಸವಿತ್ತು.

ಕಂಪನಿಯ ಪರವಾಗಿ ವರ್ಷಕ್ಕೆ ಮೂರು ನಾಲ್ಕು ಸಲ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿಯ ಅಂಗಡಿಗಳನ್ನು ಸುತ್ತುವುದು ನನ್ನ ವೃತ್ತಿ. ಕಬ್ಬಿನ ಸೀಮೆ, ಪಂಪು ಕೆಡುವುದಕ್ಕೆ ಬರವಿಲ್ಲ. ಕೊನೆಗೆ ಐನಾಪುರಕ್ಕೆ ಹೋಗಿ ನಮ್ಮ ಅಕ್ಕ ಸುನಂದಾಳ ಮನೆಯಲ್ಲಿ ಒಂದು ರಾತ್ರಿ ಉಳಿದು ಬರುವುದು ರೂಢಿ. ಅಕ್ಕ ತೀರಿಕೊಂಡು ಮೂರು ವರ್ಷವಾದರೂ ಆ ರೂಢಿ ತಪ್ಪಿಲ್ಲ. ಅವಳ ಅವಳಿ ಮಕ್ಕಳು ಶ್ರಾವಣಿ ಮತ್ತು ಪಾರ್ಶ್ವ ಅಲ್ಲಿದ್ದಾರೆ. ಇಬ್ಬರಿಗೂ ಈಗ ಹದಿಮೂರು.

ಹೊರಡುವ ಎರಡು ದಿನ ಮೊದಲು ಅಕ್ಕನ ಅತ್ತೆ ಫೋನು ಮಾಡಿದ್ದರು. ಹೆಸರು ಪದ್ಮಾವತಿ, ಮನೆಯವರಿಗೂ ಊರವರಿಗೂ ಆಯಿ. ಮಕ್ಕಳಿಗೆ ಕೆಮ್ಮು ಬಂದಾಗ ಭಾವ ರಾವಸಾಬ ಅವರನ್ನು ಅಥಣಿಯ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ದಿದ್ದರಂತೆ. ತಾಯಿ ಹೋದದ್ದು ಗರ್ಭಕಂಠದ ಕ್ಯಾನ್ಸರಿನಿಂದ ಎಂದು ತಿಳಿದ ಡಾಕ್ಟರು, ಅದನ್ನು ತಡೆಯುವ ಲಸಿಕೆ ಇದೆ, ಈ ವಯಸ್ಸಿನಲ್ಲೇ ಹಾಕಿಸಿಬಿಡಿ ಎಂದಿದ್ದರು. ಹಾಕಿಸುವುದೋ ಬಿಡುವುದೋ ತೀರ್ಮಾನ ಆಯಿಯದು. ಆ ಮನೆಯಲ್ಲಿ ಎಮ್ಮೆ ಕೊಳ್ಳುವುದರಿಂದ ಹಿಡಿದು ಎಲ್ಲ ತೀರ್ಮಾನವೂ ಅವರದೇ.

ಅವರು ನನಗೆ ಎರಡು ಕೆಲಸ ಹೇಳಿದರು. ಮೊದಲನೆಯದು, ಮಕ್ಕಳ ಮೈಗೆ ಸೂಜಿ ತಾಗುವುದಾದರೆ ಅದು ಸೋದರಮಾವನ ತೊಡೆಯ ಮೇಲೆಯೇ ಆಗಬೇಕು, ಆದ್ದರಿಂದ ನಾನಿರಬೇಕು. ನಮ್ಮಲ್ಲಿ ಕಿವಿ ಚುಚ್ಚಿಸುವಾಗ ಮಗುವನ್ನು ಸೋದರಮಾವ ಮಣೆಯ ಮೇಲೆ ಕೂತು ತೊಡೆಯಲ್ಲಿ ಕೂರಿಸಿಕೊಳ್ಳುವ ಪದ್ಧತಿ. ಹನ್ನೆರಡು ವರ್ಷದ ಹಿಂದೆ ಬಲತೊಡೆಯಲ್ಲಿ ಒಂದು, ಎಡತೊಡೆಯಲ್ಲಿ ಒಂದು ಇಟ್ಟುಕೊಂಡು ಇಬ್ಬರ ಅಳುವನ್ನೂ ಒಟ್ಟಿಗೆ ಕೇಳಿದವನು ನಾನು. ಆದರೆ ದಡಾರದ್ದು, ಧನುರ್ವಾಯುವಿನದ್ದು ಎಂದು ಚಿಕ್ಕಂದಿನಲ್ಲಿ ಎಷ್ಟೊಂದು ಸೂಜಿ ಆಗಿವೆ, ಆಗ ಯಾರೂ ನನ್ನನ್ನು ಕರೆಯಲಿಲ್ಲವಲ್ಲ ಎಂದು ಕೇಳಿದೆ.

"ಅವು ತಾಯಿ ಇದ್ದಾಗ ಆದವು," ಎಂದರು ಆಯಿ. "ಈಗ ತಾಯಿ ಕಡೆಯಿಂದ ನೀ ಒಬ್ಬನ ಇರಾಂವ."

ಎರಡನೆಯ ಕೆಲಸ ಇನ್ನೂ ಕಷ್ಟದ್ದು. "ಅದರಾಗ ಜೀವ ಐತೋ ಇಲ್ಲೋ ಕೇಳ್ಕೊಂಡು ಬಾ. ಒಂದು ಜೀವಾ ಕೊಂದು ಇನ್ನೊಂದು ಜೀವಾ ಉಳಿಸೂದಾದ್ರ ನಾ ಒಪ್ಪಂಗಿಲ್ಲ." ನೀರನ್ನೂ ಸೋಸಿ ಕುಡಿಯುವ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕದ ಜೈನ ಹೆಂಗಸು ಅವರು. ಹುಡುಗಾಟದ ಪ್ರಶ್ನೆ ಅದಲ್ಲ ಎಂದು ನನಗೆ ಗೊತ್ತಿತ್ತು. ನಾನು ತಪ್ಪು ಉತ್ತರ ಒಯ್ದರೆ ಮಕ್ಕಳಿಗೆ ಲಸಿಕೆಯಿಲ್ಲ.

ನಿಪ್ಪಾಣಿ ತಲುಪಿದಾಗ ಬಿಸಿಲು ಬಲಿತಿತ್ತು. ಬಸ್ಸಿನಿಂದ ಇಳಿಯುತ್ತಲೇ ಮೂಗಿಗೆ ಬರುವುದು ತಂಬಾಕಿನ ಘಾಟು. ಅಂಗಡಿಯ ಫಲಕಗಳಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ, ಬಾಯಿಮಾತಿನಲ್ಲಂತೂ ಯಾವುದು ಎಲ್ಲಿ ಮುಗಿಯಿತು ಎಂದು ಹೇಳುವುದು ಕಷ್ಟ. ಎರಡು ಅಂಗಡಿಗಳ ಆರ್ಡರು ಬರೆದುಕೊಂಡೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ, ನಿಪ್ಪಾಣಿಗೆ ಬಂದು ತಂಬಾಕು ಕೊಳ್ಳದೆ ಹೋಗುವುದು ನನ್ನಿಂದ ಎಂದೂ ಆಗಿಲ್ಲ. ಚಂಚಿ ತುಂಬಿಸಿಕೊಂಡು, ಅಲ್ಲಿಯೇ ಒಂದು ಎಲೆ ಮಡಿಚಿ ಬಾಯಿಗಿಟ್ಟು, ಎದುರಿನ ಔಷಧದ ಅಂಗಡಿಗೆ ಹೋದೆ.

ಅಂಗಡಿಯವರು ಬಿಳಿ ಮೀಸೆಯ ಹಿರಿಯರು. ಎಚ್‌ಪಿವಿ ಲಸಿಕೆ ಇದೆಯೇ, ಕ್ಯಾನ್ಸರ್ ತಡೆಯುವುದಂತಲ್ಲ, ಎಂದು ಬಾಯಿ ತುಂಬಿಕೊಂಡೇ ಕೇಳಿದೆ. ಅವರು ಒಂದು ಕ್ಷಣ ನನ್ನ ಕೆನ್ನೆಯ ಉಬ್ಬನ್ನು ನೋಡಿದರು.

"ಮೊದಲ ಬಾಯಾಗಿಂದು ಉಗುಳಿ ಬರ್ರಿ, ಆಮ್ಯಾಲೆ ಕ್ಯಾನ್ಸರ್ ಸುದ್ದಿ ಮಾತಾಡೂಣು."

ಉಗುಳಿ ಬಂದೆ. ಫ್ರಿಜ್ಜಿನಲ್ಲಿ ಲಸಿಕೆ ಇತ್ತು. ಇದನ್ನು ಸದಾ ತಂಪಿನಲ್ಲೇ ಇಡಬೇಕು, ಕರೆಂಟು ಹೋದರೆ ತಮಗೆ ಜೀವ ಹೋದ ಹಾಗೆ ಎಂದರು. ಸ್ಟಾಕ್ ಐತಿ ಪಣ್ ಕೇಳಾವ್ರು ಕಮ್ಮಿ ಎಂದು ಎರಡು ಭಾಷೆಯಲ್ಲಿ ಬೇಸರ ಪಟ್ಟರು. ತಂಬಾಕಿನ ಊರಾದ್ದರಿಂದ ಕ್ಯಾನ್ಸರ್ ಎಂದರೆ ಇಲ್ಲಿನವರಿಗೆ ಬಾಯಿಯದೊಂದೇ ಗೊತ್ತು, ಅದು ಗಂಡಸರ ಕಾಯಿಲೆ, ಹೆಂಗಸರದು ಏನಿದ್ದರೂ ಬಾಯಿಬಿಟ್ಟು ಹೇಳಬಾರದ್ದು, ಹೀಗೆ ಹಂಚಿಕೊಂಡುಬಿಟ್ಟಿದ್ದಾರೆ ಎಂದರು. ಬಾಯಿಯ ಮಾತು ಬಂದಾಗ ನನ್ನ ಕೈ ತಾನಾಗಿ ಜೇಬಿನ ಮೇಲೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಕಥೆ. ಲಸಿಕೆಯಲ್ಲಿ ಜೀವ ಇದೆಯೇ ಎಂಬ ಪ್ರಶ್ನೆಗೆ ಮಾತ್ರ ಅವರು ತಲೆ ಕೆರೆದುಕೊಂಡರು. ಇಷ್ಟು ವರ್ಷ ಔಷಧ ಮಾರಿದರೂ ಇದನ್ನು ಯಾರೂ ಕೇಳಿಲ್ಲ, ಉತ್ತರ ಸಿಕ್ಕರೆ ತಮಗೂ ತಿಳಿಸಿ ಎಂದರು.

ನಿಪ್ಪಾಣಿಯಿಂದ ಚಿಕ್ಕೋಡಿ ಇಪ್ಪತ್ತೈದು ಕಿಲೋಮೀಟರಿನ ದಾರಿ, ಸುಗ್ಗಿಯಾದ್ದರಿಂದ ಒಂದೂವರೆ ತಾಸು ಹಿಡಿಯಿತು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು, ಹಾಡು ಹಚ್ಚಿಕೊಂಡು, ರಸ್ತೆ ತಮ್ಮಪ್ಪನದು ಎಂಬಂತೆ ಹೋಗುತ್ತಿದ್ದವು. ಬಸ್ಸಿನಲ್ಲಿ ಹೆಂಗಸರೇ ಹೆಚ್ಚು. ಅವರಿಗೆ ಬಿಟ್ಟಿ ಟಿಕೇಟು, ನಾವು ಗಂಡಸರು ದುಡ್ಡು ಕೊಟ್ಟು ನಿಂತುಕೊಂಡೆವು. ಚಿಕ್ಕೋಡಿಯಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ಬಿಳಿಜೋಳದ ರೊಟ್ಟಿ, ಕಾಳುಪಲ್ಯ, ಮೊಸರು, ಶೇಂಗಾ ಚಟ್ನಿ. ಹುಬ್ಬಳ್ಳಿಯಲ್ಲಿ ರಾತ್ರಿ ಹತ್ತಕ್ಕೆ ಉಣ್ಣುವ ನಾನು ಈ ಸೀಮೆಗೆ ಬಂದರೆ ಹೊತ್ತು ಮುಳುಗುವ ಮೊದಲೇ ಊಟ ಮುಗಿಸುತ್ತೇನೆ. ಆಯಿ ಎಲ್ಲಿಂದಲೋ ನೋಡುತ್ತಾರೆ ಎನ್ನುವ ಹೆದರಿಕೆ. ಅಂದು ಅಲ್ಲಿಯೇ ಲಾಡ್ಜಿನಲ್ಲಿ ಉಳಿದೆ.

ಮರುದಿನ, ಶನಿವಾರ, ರಾಯಬಾಗದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತವರ ತೊಡೆಯ ಮೇಲೆ ಗಿರಣಿಯ ಹೊಸ ಬೆಲ್ಟು ಸುರುಳಿ ಸುತ್ತಿಕೊಂಡಿತ್ತು. ದಸ್ತಗೀರಸಾಬ ಎಂದು ಹೆಸರು, ಪಾಲಬಾವಿಯಲ್ಲಿ ಹಿಟ್ಟಿನ ಗಿರಣಿ. ಬೆಲ್ಟಿನಿಂದ ಮಾತು ಪಂಪಿಗೆ ಬಂತು, ಪಂಪಿನಿಂದ ಮಕ್ಕಳಿಗೆ. ಅವರ ಮಗಳು ರಾಯಬಾಗದಲ್ಲಿ ಕಾಲೇಜು ಓದುತ್ತಾಳಂತೆ. ನಾನು ಸಂಕೋಚ ಬಿಟ್ಟು ಲಸಿಕೆಯ ವಿಷಯ ತೆಗೆದೆ. ಅವರು ತಟ್ಟನೆ ಬೆಲ್ಟನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

ಅವರ ಮಗಳು ಹಾಕಿಸಿಕೊಂಡಿದ್ದಳು. ಕಾಲೇಜಿನಲ್ಲಿ ಯಾರೋ ಡಾಕ್ಟರು ಬಂದು ಹೇಳಿದ್ದನ್ನು ಕೇಳಿ ಬಂದು ಅಪ್ಪನ ಹತ್ತಿರ ಹಟ ಹಿಡಿದಳಂತೆ. ಗಿರಣಿಗೆ ಹಿಟ್ಟು ಬೀಸಿಸಲು ಬಂದವರು ಮಾತ್ರ, ಇದನ್ನು ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಹೆದರಿಸಿದ್ದರು. ಗಿರಣಿಯಲ್ಲಿ ಜೋಳಕ್ಕಿಂತ ಸುದ್ದಿಯೇ ಸಣ್ಣಗೆ ಬೀಸುತ್ತದೆ ಎಂದು ಅವರೇ ನಕ್ಕರು. ಎಂಟು ದಿನ ನಿದ್ದೆ ಬರಲಿಲ್ಲವಂತೆ. ಕೊನೆಗೆ ತಮ್ಮ ಹಳೆಯ ಡಾಕ್ಟರನ್ನು ಕೇಳಿದಾಗ, ಮಕ್ಕಳಾಗುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ, ನಿಜವಾಗಿ ಗರ್ಭಚೀಲ ತೆಗೆಯುವ ಪ್ರಸಂಗ ಬರುವುದು ಆ ಕ್ಯಾನ್ಸರಿನಿಂದ, ಇದು ಅದನ್ನು ಕಾಯುತ್ತದೆ ಎಂದರಂತೆ.

ತೊಂದರೆ ಏನೂ ಆಗಲಿಲ್ಲವೇ ಎಂದು ಕೇಳಿದೆ.

"ಒಂದೆರಡು ದಿನ ತೋಳು ನೋವಾತ್ರಿ. ಮೂರನೇ ದಿನ ನನ್ನ ಕೂಡ ಜಗಳಾಡಿದಳು. ಆವಾಗ ಆರಾಮ ಆಗ್ಯಾಳ ಅಂತ ಗೊತ್ತಾತು."

ಇಬ್ಬರೂ ನಕ್ಕೆವು. ಆದರೆ ಜೀವದ ಪ್ರಶ್ನೆಗೆ ಅವರಲ್ಲೂ ಉತ್ತರವಿರಲಿಲ್ಲ. ಅದನ್ನು ಕೇಳಿದ ಅಜ್ಜಿಯ ಬಗ್ಗೆ ಮಾತ್ರ ಅವರಿಗೆ ಗೌರವ ಬಂತು. ಇಳಿಯುವಾಗ, ಆ ದೊಡ್ಡಾಕಿಗೆ ನನ್ನ ಸಲಾಮ ಹೇಳ್ರಿ ಎಂದರು.

ರಾಯಬಾಗದಲ್ಲಿ ನಮ್ಮ ಡೀಲರು ಹಳೆಯ ಗೆಳೆಯ. ಅವನು ಚಹಾ ತರಿಸಿದ. ನಾನು ಇಬ್ಬರು ಮಕ್ಕಳಿಗೂ ಲಸಿಕೆ ಹಾಕಿಸಲು ಹೊರಟಿದ್ದೇನೆ ಎಂದಾಗ ಅವನು ಬಿದ್ದು ಬಿದ್ದು ನಕ್ಕ. ಗಂಡು ಹುಡುಗನಿಗೆ ಗರ್ಭಚೀಲ ಎಲ್ಲಿದೆ, ನಿನ್ನ ಡಾಕ್ಟರು ನಿನ್ನನ್ನು ಬೋಳಿಸುತ್ತಿದ್ದಾರೆ ಎಂದ. ನಾನೂ ನಕ್ಕೆ, ನಿಜ ಹೇಳಬೇಕೆಂದರೆ ನನ್ನೊಳಗೂ ಅದೇ ಅನುಮಾನವಿತ್ತು. ಶ್ರಾವಣಿಗೆ ಸರಿ. ಪಾರ್ಶ್ವನಿಗೆ ಯಾಕೆ? ಅಥಣಿಯ ಬಸ್ಸಿನಲ್ಲಿ ಕೂತು ಎಲೆ ಅಗಿಯುತ್ತಾ ಅದನ್ನೇ ಯೋಚಿಸಿದೆ.

ಅಥಣಿಯಲ್ಲಿ ಇಳಿದವನು ಮೊದಲು ಬೆಲ್ಲ ಕೊಂಡೆ. ಸುಗ್ಗಿಯ ಹೊಸಬೆಲ್ಲ, ಬಂಗಾರದ ಬಣ್ಣ, ಗಾಣದ ಬಿಸಿ ಇನ್ನೂ ಆರಿಲ್ಲವೇನೋ ಎನ್ನುವಷ್ಟು ಮೆತ್ತಗೆ. ಆಯಿಗೆ ಇದಿಲ್ಲದೆ ಹೋದರೆ ಹೊಸ್ತಿಲು ದಾಟಲು ಬಿಡುವುದಿಲ್ಲ. ಅವರ ಬದುಕಿನಲ್ಲಿ ಬಿಟ್ಟ ಪದಾರ್ಥಗಳೇ ಹೆಚ್ಚು: ಬದನೆ ಬಿಟ್ಟಿದ್ದಾರೆ, ಗಡ್ಡೆ ಗೆಣಸು ಬಿಟ್ಟಿದ್ದಾರೆ, ಉಳ್ಳಾಗಡ್ಡಿ ಬೆಳ್ಳುಳ್ಳಿ ಎಂದೂ ಮುಟ್ಟಿದವರಲ್ಲ. ಉಳಿದಿರುವ ಒಂದು ಆಸೆ ಬೆಲ್ಲ. ಚಪಾತಿಗೆ ಬೆಲ್ಲ, ಹಾಲಿಗೆ ಬೆಲ್ಲ, ಸುಮ್ಮನೆ ಕೂತಾಗ ಒಂದು ಚೂರು ಬೆಲ್ಲ.

ಡಾಕ್ಟರ ದವಾಖಾನೆ ಚಪ್ಪಲಿ ಅಂಗಡಿಗಳ ಸಾಲಿನ ಹಿಂದೆ ಇತ್ತು. ಡಾಕ್ಟರು ಐವತ್ತರ ಹೆಣ್ಣುಮಗಳು, ಇದೇ ಕಡೆಯವರು. ಮಧ್ಯಾಹ್ನ ಗಿರಾಕಿ ಕಡಿಮೆಯಿದ್ದುದರಿಂದ ಸಮಾಧಾನವಾಗಿ ಮಾತಾಡಿದರು. ಆಯಿಯ ಪ್ರಶ್ನೆಯನ್ನು ಆಯಿಯ ಮಾತಿನಲ್ಲೇ ಒಪ್ಪಿಸಿದೆ. ಅವರು ನಗಲಿಲ್ಲ. ಪೆನ್ನು ಕೆಳಗಿಟ್ಟು ಹೇಳಿದರು.

"ಒಳಗ ಜೀವ ಇಲ್ರಿ. ಆ ವೈರಸ್ಸಿನ ಮ್ಯಾಲಿನ ಹೊದಿಕೆ ಇರತೈತಲ್ಲ, ಅಂಥಾದ್ದ ಒಂದು ಖಾಲಿ ಹೊದಿಕೆ ಮಾಡಿ ಕೊಡ್ತಾರ. ಹಾವಿನ ಪೊರಿ ಇದ್ದಂಗ. ಪೊರಿ ಕಡಿಯಂಗಿಲ್ಲ. ಆದ್ರ ಅದನ್ನ ನೋಡಿದ ಮನಿಯವರು ಬಡಿಗಿ ತಯಾರ ಇಟ್ಕೋತಾರ."

ನನಗೆ ಅಷ್ಟು ಸಾಕಾಗಿತ್ತು. ಆದರೆ ಅವರು ಮುಂದುವರಿಸಿದರು. ಅಜ್ಜಿ ಇಷ್ಟು ಕೇಳಿದ್ದಾರೆಂದರೆ ಪೂರ್ತಿ ಹೇಳಬೇಕು, ಆ ಹೊದಿಕೆಯನ್ನು ಬೆಳೆಸುವುದು ಈಸ್ಟಿನಲ್ಲಿ, ಹಿಟ್ಟು ಹುಳಿ ಬರಿಸುವಂಥ ಹುದುಗು ಅದು, ಆಮೇಲೆ ಶುದ್ಧ ಮಾಡಿ ಹೊದಿಕೆಯನ್ನಷ್ಟೇ ತೆಗೆಯುತ್ತಾರೆ ಎಂದರು. ಹುದುಗಿನಲ್ಲಿ ಜೀವವಿದೆ ಎಂದು ನಿನ್ನೆಯ ಹಿಟ್ಟನ್ನೂ ಮುಟ್ಟದ ಹೆಂಗಸಿನ ಮುಂದೆ ಆ ಮಾತು ಹೇಗೆ ಎತ್ತುವುದು?

ಪಾರ್ಶ್ವನ ಬಗ್ಗೆಯೂ ಕೇಳಿದೆ. ಈ ವೈರಸ್ಸಿಗೆ ಗಂಡು ಹೆಣ್ಣು ಎಂಬ ಭೇದವಿಲ್ಲ ಎಂದರು. ದೊಡ್ಡವರಾದ ಮೇಲೆ ದೇಹಸಂಬಂಧದಿಂದ ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಬಹಳ ಜನರಿಗೆ ಎಂದಾದರೊಮ್ಮೆ ತಗಲಿ, ತಿಳಿಯದ ಹಾಗೆ ತಾನೇ ಹೋಗಿಬಿಡುತ್ತದೆ. ಕೆಲವರಲ್ಲಿ ಉಳಿದು, ಎಷ್ಟೋ ವರ್ಷಗಳ ಮೇಲೆ ಹೆಂಗಸರಿಗೆ ಗರ್ಭಕಂಠದಲ್ಲಿ, ಗಂಡಸರಿಗೆ ಗಂಟಲಲ್ಲಿ, ಗುಪ್ತಾಂಗದಲ್ಲಿ, ಗುದದಲ್ಲಿ ಕ್ಯಾನ್ಸರಾಗಿ ಏಳಬಹುದು. ತಗಲುವ ಮೊದಲೇ ಹಾಕಿದರೆ ಲಸಿಕೆಗೆ ಹೆಚ್ಚು ಬಲ, ಅದಕ್ಕೇ ಈ ವಯಸ್ಸು. ಈಗೊಂದು, ಆರು ತಿಂಗಳಿಗೆ ಇನ್ನೊಂದು. ಹಾಗಂತ ಎಲ್ಲ ಮುಗಿಯಿತು ಎಂದಲ್ಲ, ಶ್ರಾವಣಿ ಮೂವತ್ತಕ್ಕೆ ಬಂದಾಗ ಪರೀಕ್ಷೆ ತಪ್ಪಿಸಬಾರದು ಎಂದರು. ಆಮೇಲೆ ನನ್ನ ಕಡೆ ನೋಡಿ, ನಿಮ್ಮ ಮನೆಯವರು ಆ ಪರೀಕ್ಷೆ ಮಾಡಿಸಿದ್ದಾರೆಯೇ ಎಂದು ಕೇಳಿದರು. ಎಲ್ಲರನ್ನೂ ಕೇಳುವ ನಾನು ಇದನ್ನು ಮನೆಯಲ್ಲಿ ಎಂದೂ ಕೇಳಿರಲಿಲ್ಲ.

ಹೊರಗೆ ಬಂದು ಹೆಂಡತಿ ರೂಪಾಗೆ ಫೋನು ಹಚ್ಚಿದೆ. ಸುನಂದಾ ಅಕ್ಕನಿಗೆ ರಕ್ತ ಹೋಗುತ್ತಿದ್ದಾಗ, ಹೆಂಗಸರಿಗೆ ಇದ್ದದ್ದೇ ಎಂದು ಅಕ್ಕನೂ ಸುಮ್ಮನಿದ್ದಳು, ನಾವೂ ಸುಮ್ಮನಿದ್ದೆವು. ಮಿರಜಿನ ದವಾಖಾನೆಗೆ ಹೋಗುವಷ್ಟರಲ್ಲಿ ತಡವಾಗಿತ್ತು. ಅದನ್ನು ನೆನಪಿಸುವ ಅಗತ್ಯ ಬೀಳಲಿಲ್ಲ. ಪರೀಕ್ಷೆ ಮಾಡಿಸು ಎಂದ ಕೂಡಲೇ ರೂಪಾ ಒಪ್ಪಿದಳು.

"ಸೋಮವಾರ ಹೋಗ್ತೀನಿ. ನೀವು ಬಾಯಿ ಯಾವಾಗ ತೋರಸ್ತೀರಿ?"

ಸಿಗ್ನಲ್ ಸರಿಯಿಲ್ಲ ಎಂದು ಫೋನು ಇಟ್ಟೆ.

ಐನಾಪುರ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಕೃಷ್ಣೆಯ ಕಡೆಯಿಂದ ಬರುವ ತಂಪು ಗಾಳಿ, ಕಬ್ಬಿನ ಒಣಎಲೆಯ ರವದಿ ಸುಡುವ ವಾಸನೆ. ಅವಳಿಗಳು ರಸ್ತೆಗೇ ಬಂದು ಚೀಲ ಕಸಿದುಕೊಂಡರು. ಶ್ರಾವಣಿ ಅಮ್ಮನಷ್ಟೇ ಎತ್ತರವಾಗಿದ್ದಳು, ಪಾರ್ಶ್ವನ ದನಿ ಒಡೆಯುತ್ತಿತ್ತು. ಊಟ ಮುಗಿಯುವವರೆಗೂ ಆಯಿ ಏನೂ ಕೇಳಲಿಲ್ಲ. ಬೆಲ್ಲದ ಪೊಟ್ಟಣ ಬಿಚ್ಚಿ, ಮೂಸಿ, ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಹೊತ್ತು ಮುಳುಗಿತು. ಆಮೇಲೆ ಪಡಸಾಲೆಯಲ್ಲಿ ಕೂತು, ಈಗ ಹೇಳು ಎಂದರು.

ಹಾವಿನ ಪೊರೆಯ ಮಾತು ಹೇಳಿದೆ. ಅವರ ಮುಖ ಅರಳಿತು. ತೀರ್ಥಂಕರ ಪಾರ್ಶ್ವನಾಥನ ತಲೆಗೆ ಹಾವೇ ನೆರಳು ಹಿಡಿದಿತ್ತಲ್ಲ ಎಂದು ತಮಗೆ ತಾವೇ ಅಂದುಕೊಂಡರು. ಅಲ್ಲಿಗೆ ನಿಲ್ಲಿಸಿಬಿಡಬಹುದಿತ್ತು, ನಿಲ್ಲಿಸಬೇಕು ಎಂದೂ ಅನಿಸಿತು. ಆದರೆ ಆ ಮುಖ ನೋಡುತ್ತಾ ಅರ್ಧ ಸತ್ಯ ಹೇಳಲು ಬಾಯಿ ಬರಲಿಲ್ಲ. ಹುದುಗಿನ ಸಂಗತಿಯನ್ನೂ ಹೇಳಿದೆ. ಆಯಿಯ ಮುಖ ಮೊದಲಿನಂತಾಯಿತು. ಹೌದು ಎನ್ನಲಿಲ್ಲ, ಬ್ಯಾಡ ಎನ್ನಲಿಲ್ಲ. ಎದ್ದು ಒಳಗೆ ಹೋದರು. ಮರುದಿನ ಭಾನುವಾರ, ಡಾಕ್ಟರು ಕಾಗವಾಡದಲ್ಲಿ ಕೂಡುವ ದಿನ, ಲಸಿಕೆಯನ್ನು ತಂಪು ಪೆಟ್ಟಿಗೆಯಲ್ಲಿ ತರುತ್ತೇನೆ ಎಂದು ಹೇಳಿ ಕಳಿಸಿದ್ದರು. ಒಳ್ಳೆಯ ಉತ್ತರ ತಂದು ನಾನೇ ಅದನ್ನು ಕೆಡಿಸಿದೆನಲ್ಲ ಎಂಬ ಸಂಕಟದಲ್ಲಿ ಮಲಗಿದೆ.

ಬೆಳಿಗ್ಗೆ ಏಳುವಷ್ಟರಲ್ಲಿ ಆಯಿ ಬಸದಿಗೆ ಹೋಗಿದ್ದರು. ಬಂದವರು ಬೆಲ್ಲದ ಪೊಟ್ಟಣವನ್ನು ತಂದು ನನ್ನ ಮುಂದಿಟ್ಟರು.

"ಶ್ರಾವಣಿ ಸೂಜಿ ಸಲುವಾಗಿ ನಾ ಬೆಲ್ಲ ಬಿಟ್ಟೀನಿ. ಎರಡನೇ ಸೂಜಿ ಆಗೂತನಕ ಮುಟ್ಟಂಗಿಲ್ಲ. ಆ ಹುದುಗಿನ ಪಾಪ ನನಗಿರಲಿ, ಕೂಸಿಗೆ ಬ್ಯಾಡ."

ನಮ್ಮಲ್ಲಿ ಹೀಗೆ ನೇಮ ಹಿಡಿಯುವುದು ಹೊಸತಲ್ಲ. ತಪ್ಪು ತಪ್ಪಿಸಲಾಗದಿದ್ದರೆ ಪ್ರೀತಿಯ ಪದಾರ್ಥವೊಂದನ್ನು ಬಿಟ್ಟು ಅದರ ಭಾರ ಇಳಿಸಿಕೊಳ್ಳುತ್ತಾರೆ. ಆದರೆ ಈ ಎಂಬತ್ತರ ಹತ್ತಿರದ ಹೆಂಗಸಿಗೆ ಇನ್ನೇನು ಉಳಿದಿತ್ತು ಬಿಡಲು?

ಜೀಪು ಒರೆಸುತ್ತಿದ್ದ ರಾವಸಾಬ ಭಾವ ಬಟ್ಟೆಗೆ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದರು. ಹಾಗಾದರೆ ಹುಡುಗಿಗೆ ಮಾತ್ರ ಹಾಕಿಸೋಣ, ಹುಡುಗನಿಗೆ ಆ ಬೇನೆ ಬರುವುದೇ ಇಲ್ಲವಲ್ಲ ಎಂದರು. ಆಯಿ ನನ್ನ ಕಡೆ ನೋಡಿದರು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಗಂಟಲಿನದ್ದು, ಉಳಿದದ್ದು. ಗಂಡಸರಿಂದಲೇ ಹೆಂಗಸರಿಗೆ ಬರುವುದು ಹೆಚ್ಚು ಎನ್ನುವುದನ್ನೂ ಹೇಳಿದೆ. ಹೇಳಿದ ಮೇಲೆ ಮಾತಿನ ಮೊನೆ ಎಲ್ಲಿ ಹೋಗಿ ತಾಗಿತು ಎಂದು ತಿಳಿಯಿತು. ಭಾವನ ಕೈಯಲ್ಲಿನ ಒರೆಸುವ ಬಟ್ಟೆ ನಿಂತಿತು.

"ಹಂಗಾರ ಸುನಂದಾಗ..." ಎಂದರು.

ಯಾರಿಂದ, ಯಾವಾಗ ಎಂದು ಯಾರಿಗೂ ಹೇಳಲಾಗುವುದಿಲ್ಲ, ತಗಲಿದವರಿಗೇ ಗೊತ್ತಿರುವುದಿಲ್ಲ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಡಾಕ್ಟರು ಒತ್ತಿ ಹೇಳಿದ್ದಾರೆ ಎಂದೆ. ಆಯಿ ಮಗನ ಹತ್ತಿರ ಹೋಗಿ ಕೈಯಿಂದ ಆ ಬಟ್ಟೆ ತೆಗೆದುಕೊಂಡರು.

"ಕಿವಿ ಚುಚ್ಚಿಸುವಾಗ ಇವನ ಒಂದು ತೊಡಿ ಖಾಲಿ ಬಿಟ್ಟಿದ್ದೇನು? ಇಬ್ಬರನ್ನೂ ಕರ್ಕೊಂಡು ನಡಿ."

ಐನಾಪುರದಿಂದ ಕಾಗವಾಡ ದೂರವಲ್ಲ. ಜೀಪಿನಲ್ಲಿ ನನ್ನ ಕಾಲಿನ ಮೇಲೆ ಮನೆಯ ಹಲಸಿನ ಮಣೆ. ದವಾಖಾನೆಯಲ್ಲಿ ಕುರ್ಚಿಗಳಿರುತ್ತವೆ ಎಂದು ಹೇಳಿದರೆ ಆಯಿ ಕೇಳಲಿಲ್ಲ. ಡಾಕ್ಟರು ಮಣೆಯನ್ನು ನೋಡಿ, ನನ್ನನ್ನು ನೋಡಿ, ಒಳಕೋಣೆಯ ನೆಲ ಗುಡಿಸಿಸಿದರು. ಆಯಿ ಮಣೆಯನ್ನು ಪೂರ್ವಕ್ಕೆ ಹಾಕಿದರು. ನಾನು ಚಕ್ಕಳಮಕ್ಕಳ ಹಾಕಿ ಕೂತೆ. ಅಂದು ಒಂದು ವರ್ಷದ ಕೂಸುಗಳು, ಇಂದು ಹದಿಮೂರರ ಜೋಡಿ. ಬಲತೊಡೆಯಲ್ಲಿ ಶ್ರಾವಣಿ, ಎಡತೊಡೆಯಲ್ಲಿ ಪಾರ್ಶ್ವ ಕೂತಾಗ ನನ್ನ ಮೊಣಕಾಲು ಲಟಕ್ಕೆಂದಿತು. ಇಬ್ಬರೂ ನಾಚಿಕೊಂಡು ಕಿಸಕ್ಕನೆ ನಕ್ಕರು, ಹೊರಗೆ ಕೂತಿದ್ದ ತಾಯಂದಿರು ಬಾಗಿಲಿಗೆ ಬಂದು ನಿಂತರು.

ಶ್ರಾವಣಿಯ ತೋಳಿಗೆ ಸೂಜಿ ಹೋಯಿತು. ಅವಳು ನನ್ನ ಹೆಬ್ಬೆರಳು ಬಿಗಿಯಾಗಿ ಹಿಡಿದಿದ್ದಳು, ಅಂದೂ ಅದನ್ನೇ ಹಿಡಿದಿದ್ದಳು. ಡಾಕ್ಟರು ಇನ್ನೊಂದು ಸೂಜಿ ತಯಾರು ಮಾಡಿಕೊಂಡು ಪಾರ್ಶ್ವನ ಕಡೆ ತಿರುಗಿದಾಗ ಆಯಿ ಕೈ ಅಡ್ಡ ಹಿಡಿದರು.

"ಸ್ವಲ್ಪ ತಡೀರಿ ಡಾಕ್ಟರ. ಅಕಿ ನೇಮ ನಂದಾತು. ಇವನ ನೇಮ ಸೋದರಮಾವಂದು." ನನ್ನ ಕಣ್ಣಲ್ಲಿ ಕಣ್ಣಿಟ್ಟರು. "ಶಾಂತಿನಾಥ, ನೀ ಏನ ಬಿಡ್ತಿ?"

ಬದನೆಕಾಯಿ ಎನ್ನೋಣ ಎನಿಸಿತು, ನನಗೆ ಅದು ಮೊದಲಿನಿಂದಲೂ ಸೇರುವುದಿಲ್ಲ. ಸಕ್ಕರೆ ಎನ್ನೋಣವೇ? ಆಯಿ ಕಾಯುತ್ತಿದ್ದರು, ಸೂಜಿ ಹಿಡಿದ ಡಾಕ್ಟರು ಕಾಯುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಎಡತೊಡೆಯ ಮೇಲಿದ್ದವನು ಕೈ ಹಿಂದೆ ಮಾಡಿ ನನ್ನ ಜೇಬಿನಿಂದ ಚಂಚಿ ಎಳೆದು ಆಯಿಯ ಮುಂದೆ ಹಿಡಿದ.

"ಮಾಮಾ ಇದನ್ನ ಬಿಡ್ತಾನ," ಎಂದ ಒಡೆದ ದನಿಯಲ್ಲಿ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಬಿಡ್ತಿಯಲ್ಲ?"

ಸಿಟ್ಟು ಬರಬೇಕಿತ್ತು, ಬರಲಿಲ್ಲ. ತಾಯಿಯನ್ನು ಮಿರಜಿನಿಂದ ಮನೆಗೆ ತಂದ ದಿನ ಇವನು ಹತ್ತು ವರ್ಷದವನು. ಅವನಿಗೆ ಇನ್ನೊಬ್ಬರು ಹೋಗುವುದು ಬೇಡ ಎಂದು ಆ ಮೆಲ್ಲಗಿನ ಮಾತಿನಲ್ಲಿ ನನಗೆ ಕೇಳಿಸಿತು. ಬಿಡುತ್ತೇನೆ ಎಂದೆ. ಎಲ್ಲಿಯವರೆಗೆ ಎಂದು ಆಯಿ ಕೇಳಿದರು. ಆರು ತಿಂಗಳ ಮೇಲಿನ ಎರಡನೆಯ ಸೂಜಿಯವರೆಗೆ ಎಂದೆ, ಅವರ ಲೆಕ್ಕವೇ ನನ್ನದೂ ಆಗಲಿ ಎಂದು. ಆಯಿ ಚಂಚಿಯನ್ನು ಎರಡು ಬೆರಳಲ್ಲಿ ಹಿಡಿದು ಸೆರಗಿಗೆ ತಾಗದ ಹಾಗೆ ದೂರ ಇಟ್ಟರು. ಸೂಜಿ ಹೋಯಿತು. ಪಾರ್ಶ್ವ ಕಣ್ಣು ಮಿಟುಕಿಸಲಿಲ್ಲ.

ತಲೆ ಸುತ್ತೀತು, ಕಾಲು ಗಂಟೆ ಅಲ್ಲಾಡದೆ ಕೂಡಿ ಎಂದು ಡಾಕ್ಟರು ಮಕ್ಕಳಿಗೆ ಹೇಳಿದರು. ಹೊರಗಿನ ಬೆಂಚಿನಲ್ಲಿ ಎಂದು ಅವರ ಅರ್ಥ. ಆಯಿ ಅದನ್ನು ತೊಡೆಯ ಮೇಲೆಯೇ ಎಂದು ನಡೆಸಿದರು. ಕಾಲು ಗಂಟೆ ನನಗೆ ಸೊಂಟದ ಕೆಳಗೆ ಏನೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಡಾಕ್ಟರು ನನ್ನ ಬಾಯಿ ತೆರೆಸಿ, ಬ್ಯಾಟರಿ ಬಿಟ್ಟು ನೋಡಿದರು. ಕೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಇದೆ, ಹುಬ್ಬಳ್ಳಿಗೆ ಹೋದ ಕೂಡಲೇ ಬಾಯಿಯ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ ಎಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಭಾವ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ತಾವೇ ಹುಬ್ಬಳ್ಳಿಗೆ ಬಂದು ಡಾಕ್ಟರ ಹತ್ತಿರ ಕರೆದೊಯ್ಯುವುದಾಗಿ ಹೇಳಿದರು, ಈ ಸಲ ತಡ ಆಗುವುದು ಬೇಡ ಎಂದರು.

ಶೇಡಬಾಳದ ಸ್ಟೇಷನ್ನಿಗೆ ಎಲ್ಲರೂ ಬಂದರು. ರೈಲು ಬರುವ ಮುನ್ನ ಆಯಿ ಬೆಲ್ಲದ ಪೊಟ್ಟಣದಿಂದ ಒಂದು ದೊಡ್ಡ ಉಂಡೆ ಮುರಿದು ನನ್ನ ಕೈಗಿಟ್ಟರು. ಉಳಿದದ್ದನ್ನು ಮಕ್ಕಳು ಆಗಲೇ ಹಂಚಿಕೊಂಡಿದ್ದರು. ಬಾಯಿ ಸುಮ್ಮನಿರುವುದಿಲ್ಲ, ಬೇಕಾದಾಗ ಇದರ ಚೂರು ಹಾಕಿಕೋ ಎಂದರು. ಕೊಟ್ಟ ಮೇಲೆ ಅವರು ತಮ್ಮ ಬೆರಳಿಗೆ ಹತ್ತಿದ ಬೆಲ್ಲವನ್ನು ನೋಡಿದರು, ಸೀರೆಗೆ ಒರೆಸಿಕೊಳ್ಳಲಿಲ್ಲ, ನಲ್ಲಿಗೆ ಹೋಗಿ ತೊಳೆದು ಬಂದರು.

ರೈಲು ಕೃಷ್ಣೆಯ ಸೇತುವೆ ದಾಟುವಾಗ ಎದುರಿನ ಸೀಟಿನವನು ಎಲೆಗೆ ಸುಣ್ಣ ಹಚ್ಚತೊಡಗಿದ. ಆ ವಾಸನೆಗೆ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಬೆರಳಿಗೆ ಬೆಲ್ಲ ಅಂಟಿತು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ, ಅದು ಆಯಿ ಬಿಟ್ಟದ್ದು ಎಂಬುದು ನಾಲಿಗೆಗೂ ಗೊತ್ತಿತ್ತು. ಅಗಿಯಲು ಮನಸ್ಸಾಗಲಿಲ್ಲ. ರಾಯಬಾಗ ಬರುವವರೆಗೂ ಅದು ತಾನಾಗಿ ಕರಗುತ್ತಾ ಇತ್ತು.